ಹಿಂದೆ ನಿಲ್ಲೋರು ಯಾವಾಗಲೂ ಅವರೇ ಯಾಕೆ? ಮಕ್ಕಳ ಫುಟ್‌ಬಾಲ್ ಫಾರ್ಮೇಷನ್ ಬಗ್ಗೆ ಒಂದಿಷ್ಟು

ಟಿವಿಯಲ್ಲಿ ಫುಟ್‌ಬಾಲ್ ಮ್ಯಾಚ್ ಶುರುವಾಗೋಕೆ ಮುಂಚೆ ಪರದೆ ಮೇಲೆ ಹನ್ನೊಂದು ಚುಕ್ಕಿ ಬರುತ್ತವೆ. ಪಕ್ಕದಲ್ಲಿ 4-3-3 ಅಂತಲೋ 4-2-3-1 ಅಂತಲೋ ಬರೆದಿರುತ್ತೆ. ಅದನ್ನು ನೋಡಿ ಬೆಳೆದ ಹುಡುಗರು ತಾವು ಕೋಚ್ ಆದ ಮೊದಲ ದಿನವೇ ಅದೇ ಚುಕ್ಕಿಗಳ ಜಾಗದಲ್ಲಿ ಮಕ್ಕಳನ್ನು ನಿಲ್ಲಿಸೋಕೆ ಹೊರಡ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಭಾನುವಾರ ಶಾಲೆ ಮೈದಾನಕ್ಕೆ ಹೋಗಿ ಮಕ್ಕಳಿಗೆ ಚೆಂಡು ಆಡಿಸೋ ನನ್ನಂಥ ಕೆಲವರಿದ್ದೀವಿ. ಇದಕ್ಕೆ ಸಂಬಳ ಇಲ್ಲ, ಚೆಂಡಿನ ಪಂಕ್ಚರ್ ಖರ್ಚು ಮಾತ್ರ ಇದೆ. (ನಮ್ಮ ಕಡೆ ಮೈದಾನದ ಅಂಚಿನಲ್ಲಿ ಬೆಳೆಯೋ ಗಿಡದ ಹೆಸರೇ ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ಯಾವ ಕಂಪನಿಯ ಚೆಂಡೂ ಒಂದೇ.) ಹೊಸದಾಗಿ ಟೀಮು ಕಟ್ಟಿದ ಹುಡುಗರು ಫೋನ್ ಮಾಡಿದಾಗೆಲ್ಲ ಕೇಳೋದು ಒಂದೇ ಪ್ರಶ್ನೆ: "ಅಣ್ಣಾ, ನಮ್ಮ ಟೀಮಿಗೆ ಯಾವ ಫಾರ್ಮೇಷನ್ ಹಾಕಾಣ?"

ಅಂಕಿಯಲ್ಲಿ ಉತ್ತರ ಹೇಳಬಹುದು, ಮುಂದೆ ಹೇಳ್ತೀನಿ ಕೂಡ. ಆದರೆ ಮಕ್ಕಳ ಆಟದಲ್ಲಿ ಫಾರ್ಮೇಷನ್ ಅನ್ನೋದು ಮೊದಲು ಹಂಚಿಕೆಯ ಪ್ರಶ್ನೆ. ಒಂದು ಚೆಂಡಿದೆ, ಒಂದು ಗಂಟೆ ಸಮಯ ಇದೆ, ಹದಿನೈದು ಇಪ್ಪತ್ತು ಮಕ್ಕಳಿದ್ದಾರೆ. ಆ ಚೆಂಡು ಯಾರ ಕಾಲಿಗೆ ಎಷ್ಟು ಸಲ ಸಿಗಬೇಕು ಅಂತ ನಾವು ಕಾಗದದ ಮೇಲೆ ಮೊದಲೇ ತೀರ್ಮಾನ ಮಾಡಿಬಿಡ್ತೀವಿ. ಆ ತೀರ್ಮಾನಕ್ಕೆ ಇಟ್ಟ ಹೆಸರು ಫಾರ್ಮೇಷನ್.

ಅಂಕಿಗಳನ್ನು ಓದೋದು ಸುಲಭ. ನಮ್ಮ ಗೋಲಿನ ಕಡೆಯಿಂದ ಎಣಿಸ್ತಾ ಹೋಗಬೇಕು, ಗೋಲ್‌ಕೀಪರ್ ಲೆಕ್ಕಕ್ಕಿಲ್ಲ. 4-3-3 ಅಂದರೆ ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು. ಹಳೇ ಕಾಲದ 2-3-5ರಲ್ಲಿ ಹಿಂದೆ ಇಬ್ಬರೇ ಇರ್ತಿದ್ದರು, ಮುಂದೆ ಐವರು. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾದ ಮೇಲೆ ಗೋಲುಗಳು ಹೆಚ್ಚಾದವು, ಆಗ ತಂಡಗಳು ಹಿಂದಕ್ಕೆ ಇನ್ನೊಬ್ಬನನ್ನು ಎಳೆದುಕೊಂಡವು. ಪರಿಸ್ಥಿತಿ ಬದಲಾದರೆ ನಿಲ್ಲೋ ರೀತಿ ಬದಲಾಗುತ್ತೆ, ಅಷ್ಟೇ. 4-3-3 ಅನ್ನೋದು ಶಾಸನ ಅಲ್ಲ.

ಇದನ್ನು ನಮ್ಮ ಮಕ್ಕಳಿಗೆ ಅರ್ಥ ಮಾಡಿಸೋಕೆ ಯೂಟ್ಯೂಬ್ ಬೇಕಿಲ್ಲ, ಕಬಡ್ಡಿ ಸಾಕು. ಕಬಡ್ಡಿಯಲ್ಲಿ ಅಂಕಣದೊಳಗೆ ಏಳು ಜನ. ಎರಡು ಕಾರ್ನರ್, ಎರಡು ಇನ್, ಎರಡು ಕವರ್, ನಡುವೆ ಒಬ್ಬ. ರೈಡರ್ ಎಡ ಕಾರ್ನರ್ ಕಡೆ ನುಗ್ಗಿದರೆ ಬಲಗಡೆಯವರು ನಿಂತ ಜಾಗದಲ್ಲೇ ನಿಂತಿರಲ್ಲ, ಸರಪಳಿ ಹಾಗೇ ಸರಿದು ಬರುತ್ತೆ. ಇಬ್ಬರು ಔಟಾದರೆ ಉಳಿದ ಐವರು ಬೇರೆ ಥರ ನಿಲ್ತಾರೆ. ಮೂವರೇ ಉಳಿದಾಗ ಇನ್ನೂ ಬೇರೆ. ಆಗ ಹಿಡಿದರೆ ಸೂಪರ್ ಟ್ಯಾಕಲ್ ಅಂತ ಒಂದು ಅಂಕ ಜಾಸ್ತಿ ಅನ್ನೋದೂ ಅವರಿಗೆ ಗೊತ್ತು. ಅಂದರೆ ಎಷ್ಟು ಜನ ಉಳಿದಿದ್ದೀವಿ, ಎದುರಿನವನು ಎಲ್ಲಿದ್ದಾನೆ ಅನ್ನೋದರ ಮೇಲೆ ನಿಲ್ಲೋ ರೀತಿ ಬದಲಾಗುತ್ತೆ ಅನ್ನೋ ಪಾಠ ಐದನೇ ಕ್ಲಾಸಿನ ಹುಡುಗನಿಗೂ ಮೈಗೆ ಹತ್ತಿದೆ. ಫುಟ್‌ಬಾಲಿನಲ್ಲಿ ಚೆಂಡು ಎಡಕ್ಕೆ ಹೋದಾಗ ಬಲಗಡೆಯವರು ಒಳಗೆ ಸರಿದು ಬರಬೇಕು ಅಂತ ಹೇಳೋಕೆ ನಾನು ಬಳಸೋ ಮಾತು ಒಂದೇ: "ಕವರ್‌ನಂಗ ಬಾ." ಅಷ್ಟಕ್ಕೆ ಬರ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಹತ್ತು ಹನ್ನೊಂದು ವರ್ಷದ ಮಕ್ಕಳನ್ನು ಹನ್ನೊಂದು ಹನ್ನೊಂದು ಮಾಡಿ 40 ನಿಮಿಷ ಆಡಿಸಿದಿರಿ ಅಂದುಕೊಳ್ಳಿ. ಚೆಂಡು ಒಂದೂ ಕ್ಷಣ ಹೊರಗೆ ಹೋಗದೆ ಎಲ್ಲರಿಗೂ ಸಮನಾಗಿ ಸಿಕ್ಕರೂ ಒಬ್ಬೊಬ್ಬರ ಪಾಲಿಗೆ ಬರೋದು 109 ಸೆಕೆಂಡು. ಏಳು ಜನರ ತಂಡ ಮಾಡಿದರೆ 171 ಸೆಕೆಂಡು. ನಾಲ್ಕು ಜನರ ತಂಡ ಮಾಡಿದರೆ ಪೂರ್ತಿ ಐದು ನಿಮಿಷ. ನಿಜದ ಆಟದಲ್ಲಿ ಸಮಪಾಲು ಅನ್ನೋದು ಇರಲ್ಲ, ಬಲಿಷ್ಠನಾದ ಇಬ್ಬರು ಮೂವರು ಅರ್ಧ ನುಂಗಿಬಿಡ್ತಾರೆ. ಹಾಗಾಗಿ ದೊಡ್ಡ ತಂಡದಲ್ಲಿ ಮೂಲೆಯ ಮಗುವಿಗೆ ಚೆಂಡು ಸಿಗೋದೇ ಅಪರೂಪ.

ಈ ಲೆಕ್ಕ ಗೊತ್ತಿರೋ ದೇಶಗಳು ನಿಯಮವನ್ನೇ ಬದಲಿಸಿಕೊಂಡಿವೆ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ 2012ರಲ್ಲಿ ಮತ ಹಾಕಿ ಒಪ್ಪಿದ ವ್ಯವಸ್ಥೆಯಲ್ಲಿ ಏಳೆಂಟು ವರ್ಷದವರಿಗೆ ಐದು ಜನರ ಆಟ, ಹತ್ತರವರೆಗೆ ಏಳು ಜನರ ಆಟ, ಹನ್ನೆರಡರವರೆಗೆ ಒಂಬತ್ತು ಜನರ ಆಟ, ಆಮೇಲಷ್ಟೇ ಹನ್ನೊಂದು. ಅಮೆರಿಕ 2017ರಲ್ಲಿ ಇಂಥದ್ದನ್ನೇ ಕಡ್ಡಾಯ ಮಾಡಿತು. ನಮ್ಮ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ಶುರು ಮಾಡಿದ ಗೋಲ್ಡನ್ ಬೇಬಿ ಲೀಗ್ ಕೂಡ ಸಣ್ಣ ತಂಡಗಳದ್ದೇ. ಗೋಲಿನ ಅಳತೆ ನೋಡಿ: ದೊಡ್ಡವರದು 24 ಅಡಿ ಅಗಲ, 8 ಅಡಿ ಎತ್ತರ. ಇಂಗ್ಲೆಂಡಿನಲ್ಲಿ ಏಳು ಜನರ ಆಟಕ್ಕೆ ಹೇಳಿರೋದು 12 ಅಡಿಗೆ 6 ಅಡಿ. ನಾಲ್ಕೂಕಾಲು ಅಡಿ ಎತ್ತರದ ಮಗುವನ್ನು ದೊಡ್ಡ ಗೋಲಿನ ಕೆಳಗೆ ನಿಲ್ಲಿಸಿ, ತಲೆ ಮೇಲಿಂದ ಹೋದ ಚೆಂಡಿಗೆ ಬೈಯೋದು ಯಾವ ಕೋಚಿಂಗು?

ಹಾಗಾಗಿ ಹನ್ನೆರಡು ವರ್ಷದೊಳಗಿನವರಿಗೆ ಏಳು ಜನರ ಆಟ ಅಂತ ಇಟ್ಟುಕೊಳ್ಳೋಣ. ಕೀಪರ್ ಬಿಟ್ಟು ಆರು ಮಂದಿ. ನನ್ನ ಆಯ್ಕೆ 2-3-1. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಒಬ್ಬರು. ಯಾಕಂದರೆ ಇದರಲ್ಲಿ ಚೆಂಡು ಯಾರ ಹತ್ತಿರ ಇದ್ದರೂ ಪಾಸ್ ಕೊಡೋಕೆ ಎರಡು ಕಡೆ ದಾರಿ ಸಿಗುತ್ತೆ. ಹಿಂದಿನ ಇಬ್ಬರಿಗೂ ಎದುರಿಗೆ ನಡುವಿನವರು ಕಾಣ್ತಾರೆ, ಅಂಚಿನವರೂ ಕಾಣ್ತಾರೆ. ನಡುವಿನ ಮೂವರಲ್ಲಿ ಎಡಬಲದವರು ದಾಳಿಗೂ ಹೋಗಬೇಕು, ರಕ್ಷಣೆಗೂ ಓಡಿ ಬರಬೇಕು. ಅಂದರೆ ಅವರಿಗೆ ಎರಡೂ ಕೆಲಸ ಗೊತ್ತಾಗುತ್ತೆ. ಈ ಆಕಾರದ ಕಷ್ಟ ಏನಂದರೆ ಮುಂದಿನವನು ಒಂಟಿ. ಅವನು ಚೆಂಡು ಸಿಗಲಿಲ್ಲ ಅಂತ ಮುನಿಸಿಕೊಂಡು ಸೊಂಟದ ಮೇಲೆ ಕೈ ಇಟ್ಟು ನಿಂತುಬಿಡ್ತಾನೆ. ಅವನನ್ನು ಹತ್ತು ನಿಮಿಷಕ್ಕೊಮ್ಮೆ ಬದಲಿಸ್ತಾ ಇರಬೇಕು.

3-2-1 ಅನ್ನೋರೂ ಇದ್ದಾರೆ. ಸೋಲಬಾರದು ಅಂತ ಹೆದರಿದವರ ಫಾರ್ಮೇಷನ್ ಅದು. ಹಿಂದಿನ ಮೂವರು ಇಡೀ ಆಟ ತಮ್ಮ ಗೋಲಿನ ಮುಂದೆ ಬೇಲಿ ಹಾಕ್ಕೊಂಡು ನಿಂತಿರ್ತಾರೆ, ಚೆಂಡು ಬಂದರೆ ಜಾಡಿಸಿ ಒದೆಯೋದಷ್ಟೇ ಕೆಲಸ. ಒಂದು ವರ್ಷ ಹೀಗೆ ಆಡಿದ ಮಗು ಒದೆಯೋದು ಬಿಟ್ಟು ಬೇರೇನೂ ಕಲಿತಿರಲ್ಲ. 2-1-2-1 ನೋಡೋಕೆ ಚೆಂದ, ಆದರೆ ನಡುವಿನ ಆ ಒಬ್ಬನಿಗೆ ಎಂಟು ಕಣ್ಣು ಬೇಕು. ಒಂಬತ್ತು ಜನರ ಆಟಕ್ಕೆ ಹೋದಾಗ 3-2-3 ಒಳ್ಳೇದು. ಅದರಲ್ಲಿ ಹಿಂದಕ್ಕೊಬ್ಬ, ನಡುವಿಗೊಬ್ಬ ಸೇರಿದರೆ 4-3-3 ಆಗುತ್ತೆ, ಮಕ್ಕಳು ಹೊಸದಾಗಿ ಕಲಿಯೋದು ಕಡಿಮೆ. ಹನ್ನೊಂದರ ಆಟದಲ್ಲಿ 4-4-2 ಹೇಳಿಕೊಡೋದು ಸುಲಭ, ಎರಡು ಸಾಲು ಸಾಲಾಗಿ ನಿಂತರೆ ಸಾಕು. ಹದಿನಾಲ್ಕು ದಾಟಿದ, ವಾರಕ್ಕೆ ಒಂದೇ ದಿನ ಸಿಗೋ ತಂಡಕ್ಕೆ ಅದನ್ನು ಹಾಕಿದರೆ ನನ್ನ ತಕರಾರಿಲ್ಲ.

ಶುರುವಿನಲ್ಲಿ ಯಾವ ಆಕಾರವೂ ಎರಡು ನಿಮಿಷಕ್ಕಿಂತ ಹೆಚ್ಚು ಉಳಿಯಲ್ಲ. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಎಲ್ಲರೂ ಚೆಂಡಿನ ಸುತ್ತ. ಅದಕ್ಕೆ ಕಿರುಚಬೇಡಿ. ಮೈದಾನವನ್ನು ಉದ್ದಕ್ಕೆ ಮೂರು ಪಟ್ಟಿ ಮಾಡಿ ಸುಣ್ಣದ ಗೆರೆ ಎಳೀರಿ. ಸುಣ್ಣ ಇಲ್ಲದಿದ್ದರೆ ಚಪ್ಪಲಿ ಸಾಲಾಗಿಡಿ. ನಮ್ಮ ತಂಡದ ಮೂವರಿಗಿಂತ ಹೆಚ್ಚು ಮಂದಿ ಒಂದೇ ಪಟ್ಟಿಯಲ್ಲಿ ಇರಬಾರದು ಅನ್ನೋದೊಂದೇ ನಿಯಮ. ಮೂರು ನಾಲ್ಕು ವಾರಕ್ಕೆ ಅವರೇ ಒಬ್ಬರನ್ನೊಬ್ಬರು ತಳ್ಳಿ ಕಳಿಸ್ತಾರೆ: "ಏ, ಆ ಕಡಿಗ್ ಹೋಗಲೇ, ಇಲ್ಲಿ ನಾವು ಅದೀವಿ."

ಮೈದಾನದ ಬಗ್ಗೆ ಒಂದು ಮಾತು. ಏಳು ಜನರ ಆಟಕ್ಕೆ ಸುಮಾರು 55 ಮೀಟರ್ ಉದ್ದ, 37 ಮೀಟರ್ ಅಗಲ ಬೇಕು. ದೊಡ್ಡವರ ಮೈದಾನಕ್ಕೆ ಕನಿಷ್ಠ 90 ಮೀಟರ್ ಉದ್ದ. ನಾನು ಆಡಿಸಿರೋ ಶಾಲೆಗಳಲ್ಲಿ ಇದು ಸಿಗೋದು ಕಷ್ಟ. ಕೊಠಡಿ ಕಟ್ಟಿದ ಮೇಲೆ ಉಳಿದ ಜಾಗವೇ ಮೈದಾನ, ಅದರಲ್ಲಿ ಅರ್ಧಕ್ಕೆ ಧ್ವಜಸ್ತಂಭ, ಕಟ್ಟೆ, ನೀರಿನ ಟ್ಯಾಂಕು. ಶಿಕ್ಷಣ ಹಕ್ಕು ಕಾಯ್ದೆ (2009) ತನ್ನ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು ಅನ್ನುತ್ತೆ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೊಡಬೇಕು ಅಂತಲೂ ಅನ್ನುತ್ತೆ. ಇದನ್ನು ಕೇಳೋದು ನಿಮ್ಮ ಊರಿನ ಎಸ್‌ಡಿಎಂಸಿಯ ಕೆಲಸ, ಕೇಳಿಸೋದು ನಿಮ್ಮ ಕೆಲಸ. ಅಲ್ಲಿವರೆಗೆ ಇಕ್ಕಟ್ಟಿನ ಜಾಗದಲ್ಲಿ 2-3-1 ಹಾಕಿ ಮಕ್ಕಳ ಮೊಣಕಾಲು ಒಡೆಸಬೇಡಿ. ಎರಡು ಕಡೆ ನಾಲ್ಕು ನಾಲ್ಕು ಜನರ ಆಟ ಮಾಡಿ, ಕೀಪರೇ ಬೇಡ. ಮಳೆ ಬಿದ್ದ ಎರೆ ನೆಲದಲ್ಲಿ ಚೆಂಡು ಉರುಳಲ್ಲ, ಅಂಟುತ್ತೆ. ಆಗ ಸಾಲುಗಳ ನಡುವಿನ ಅಂತರ ಕಡಿಮೆ ಮಾಡಿ. ಮಸಾರಿ ನೆಲ ಬೇಸಿಗೆಯಲ್ಲಿ ಸಿಮೆಂಟಿನಂತೆ, ಚೆಂಡು ಪುಟಿದು ಹೋಗುತ್ತೆ. ಆಗ ಹಿಂದಿನವರು ಒಂದೆರಡು ಹೆಜ್ಜೆ ಇನ್ನೂ ಹಿಂದೆ ನಿಂತರೆ ಸರಿ. ಇದೇ ಹಳೇ ಬಳ್ಳಾರಿ ಸೀಮೆಯ ತೋರಣಗಲ್ಲಿನ ಬಳಿ 2018ರಲ್ಲಿ ಜೆಎಸ್‌ಡಬ್ಲ್ಯೂ ಗುಂಪಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಗಿದೆ. ಅಲ್ಲಿಂದ ಕೂಡ್ಲಿಗಿಗೆ ಬಸ್ಸಿನಲ್ಲಿ ಬಂದರೆ ಸಾಕು, ಆಟದ ನೆಲ ಅನ್ನೋ ಪದಕ್ಕೇ ಬೇರೆ ಅರ್ಥ.

ಇನ್ನು ನನ್ನನ್ನು ಕಾಡೋ ವಿಷಯಕ್ಕೆ ಬರ್ತೀನಿ. ಕಾಗದದ ಮೇಲೆ ಆರು ಚುಕ್ಕಿಗಳೂ ಒಂದೇ ಗಾತ್ರ. ಅವಕ್ಕೆ ಮಕ್ಕಳ ಹೆಸರು ಬರೆದಾಗ ಊರು ಒಳಗೆ ಬರುತ್ತೆ. ಮುಂದಿನ ಚುಕ್ಕಿಗೆ ಯಾರು? ಮೈಕಟ್ಟು ಇರೋನು, ಶೂ ಇರೋನು, ಧೈರ್ಯವಾಗಿ "ಸರ್, ನಾ ಮುಂದ ಆಡ್ತೀನ್ರಿ" ಅಂತ ಕೇಳೋನು. ಕೇಳೋ ಧೈರ್ಯ ಎಲ್ಲಿಂದ ಬರುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹಿಂದೆ ಯಾರು? ಹುಡುಗಿಯರು, ತಾಂಡಾದಿಂದ ಈ ವರ್ಷ ಸೇರಿದವರು, ಬರಿಗಾಲಿನವರು. ಗೋಲಿಗೆ ಯಾರು? ದಪ್ಪಗಿರೋ ಹುಡುಗ, ಅದೂ ನಗೆಯ ನಡುವೆ. ಇದನ್ನು ಯಾರೂ ಬೇಕಂತ ಮಾಡಲ್ಲ. ಬೇಕಂತ ಮಾಡದೇ ಇರೋದರಿಂದಲೇ ಇದು ವರ್ಷಗಟ್ಟಲೆ ನಡೆಯುತ್ತೆ.

ಒಂದು ಶಾಲೆಯಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಖೋ-ಖೋದಲ್ಲಿ ಬಹಳ ಚುರುಕು. ಖೋ-ಖೋದಲ್ಲಿ ಅಟ್ಟಿಸೋರು ಹಿಡಿದ ದಿಕ್ಕನ್ನು ಬದಲಿಸೋ ಹಾಗಿಲ್ಲ, ನಡುಗೆರೆ ದಾಟೋ ಹಾಗಿಲ್ಲ. ಓಡೋರು ಮಾತ್ರ ಯಾವ ಕಡೆಗೂ ತಿರುಗಬಹುದು. ಆ ಒಂದು ಹೆಜ್ಜೆಯಲ್ಲಿ ದಿಕ್ಕು ಬದಲಿಸೋ ಕಲೆ ಫುಟ್‌ಬಾಲಿನಲ್ಲಿ ಅಂಚಿನ ಆಟಗಾರರಿಗೆ ಚಿನ್ನ. ಆದರೆ ಅವಳನ್ನು ಕಾಯಂ ಹಿಂದೆ ನಿಲ್ಲಿಸಿದ್ದರು. "ಹುಡುಗೇರಿಗೆ ಪೆಟ್ಟಾದ್ರ ಮನಿಯೋರು ಕೇಳ್ತಾರ" ಅನ್ನೋದು ಕಾರಣ. ಹಿಂದೆ ನಿಂತವರಿಗೇ ಎದುರಿನವರು ಪೂರ್ತಿ ವೇಗದಲ್ಲಿ ಬಂದು ಗುದ್ದೋದು ಅಂತ ಯಾರೂ ಯೋಚಿಸಿರಲಿಲ್ಲ. 2-3-1ರಲ್ಲಿ ಎಡ ಅಂಚಿಗೆ ಹಾಕಿದ ದಿನ ಅವಳು ಗೋಲೇನೂ ಹೊಡೆಯಲಿಲ್ಲ. ಆದರೆ ಎದುರು ತಂಡದ ಇಬ್ಬರು ಅವಳ ಹಿಂದೆಯೇ ಓಡಬೇಕಾಯ್ತು, ನಡುವೆ ಜಾಗ ತೆರೆದುಕೊಳ್ತು.

ಇದಕ್ಕೆ ನಾನು ಮಾಡೋದು ಒಂದು ನೋಟ್‌ಬುಕ್. ನಾಲ್ಕು ಕಲಂ: ಗೋಲು, ಹಿಂದೆ, ನಡುವೆ, ಮುಂದೆ. ಪ್ರತಿ ಆಟದ ನಂತರ ಪ್ರತಿ ಮಗುವಿನ ಹೆಸರಿನ ಮುಂದೆ ಒಂದು ಗೀಟು. ತಿಂಗಳ ಕೊನೆಗೆ ಯಾವ ಹೆಸರಿನ ಮುಂದೆ ಒಂದೇ ಕಲಂ ತುಂಬಿದೆ ಅಂತ ನೋಡೋದು. ಸಿದ್ಧಾಂತ ಏನಿಲ್ಲ, ಹಾಲಿನ ಡೈರಿ ಲೆಕ್ಕದ ಹಾಗೆ. ಹನ್ನೆರಡು ವರ್ಷದೊಳಗೆ ನಾಲ್ಕೂ ಕಲಮಿನಲ್ಲಿ ಎಲ್ಲರ ಗೀಟು ಇರಬೇಕು. ಹದಿನಾಲ್ಕರ ಹೊತ್ತಿಗೆ ಎರಡು ಜಾಗಕ್ಕೆ ಇಳಿಸಬಹುದು. ಒಂದೇ ಜಾಗ ಅನ್ನೋದು ಹದಿನಾರರ ಮೇಲಿನ ಮಾತು.

"ಇದೆಲ್ಲ ಮಾಡಿದ್ರೆ ಗೆಲ್ಲೋದ್ ಯಾವಾಗ?" ಅಂತ ದೈಹಿಕ ಶಿಕ್ಷಣ ಶಿಕ್ಷಕರು ಕೇಳ್ತಾರೆ. ಅವರದು ಸುಳ್ಳು ಪ್ರಶ್ನೆ ಅಲ್ಲ. ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಗೆದ್ದ ಪ್ರಮಾಣಪತ್ರಕ್ಕೆ ಬೆಲೆ ಇದೆ, ಕ್ರೀಡಾ ವಸತಿ ನಿಲಯದ ಆಸೆ ಇದೆ, ಮುಖ್ಯೋಪಾಧ್ಯಾಯರ ಒತ್ತಡ ಇದೆ. (ಆ ಜಿಲ್ಲಾ ಮಟ್ಟ ಯಾವುದು ಅನ್ನೋದೂ ಇಲ್ಲಿ ಸ್ಥಿರ ಅಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯ್ತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಈ ಐದೂ ತಾಲ್ಲೂಕು ಹೊಸಪೇಟೆ ಜೊತೆ ವಿಜಯನಗರ ಜಿಲ್ಲೆ ಆದವು. ನಮ್ಮನ್ನೂ ಯಾರೋ ಎಲ್ಲೆಲ್ಲೋ ನಿಲ್ಲಿಸ್ತಾನೇ ಇದ್ದಾರೆ.) ಕ್ರೀಡಾಕೂಟದ ದಿನ ನಿಮ್ಮ ಬಲಿಷ್ಠ ಆಟಗಾರರನ್ನು ಅವರವರ ಒಳ್ಳೇ ಜಾಗದಲ್ಲಿ ಆಡಿಸಿ, ನಾನು ಬೇಡ ಅನ್ನಲ್ಲ. ಆದರೆ ಕೂಟ ಇರೋದು ವರ್ಷಕ್ಕೆ ಕೆಲವೇ ದಿನ. ಉಳಿದ ವಾರಗಳಲ್ಲೂ ಕೂಟದ ಫಾರ್ಮೇಷನ್ನೇ ಆಡಿಸೋದು ವರ್ಷಪೂರ್ತಿ ಪರೀಕ್ಷೆ ಬರೆಸಿ ಪಾಠವನ್ನೇ ಮಾಡದ ಹಾಗೆ.

ಜಾಗ ಬದಲಿಸಿ ಆಡಿಸೋದರಿಂದ ಗೆಲ್ಲೋಕೂ ಲಾಭ ಇದೆ. 2024ರಲ್ಲಿ 'ಮೈದಾನ್' ಸಿನಿಮಾ ನೋಡಿದವರಿಗೆ ಸೈಯದ್ ಅಬ್ದುಲ್ ರಹೀಂ ಗೊತ್ತು. ಹೈದರಾಬಾದಿನಲ್ಲಿ ಶಾಲಾ ಮೇಷ್ಟ್ರಾಗಿದ್ದವರು, ಆಮೇಲೆ ಭಾರತ ತಂಡದ ಕೋಚ್. ಅವರ ಕೈಯಲ್ಲಿ ಭಾರತ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಜರ್ನೈಲ್ ಸಿಂಗ್ ಅನ್ನೋ ಗಟ್ಟಿ ಡಿಫೆಂಡರ್‌ಗೆ ತಲೆಗೆ ಪೆಟ್ಟಾಯ್ತು. ಕೂರಿಸೋ ಬದಲು ರಹೀಂ ಅವರನ್ನು ಫಾರ್ವರ್ಡ್ ಆಗಿ ಮುಂದಕ್ಕೆ ಕಳಿಸಿದರು. ಸೆಮಿಫೈನಲ್‌ನಲ್ಲಿ ಜರ್ನೈಲ್ ಗೋಲು ಹೊಡೆದರು. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲೂ ಒಂದು ಹೊಡೆದರು. ಭಾರತ 2-1ರಿಂದ ಚಿನ್ನ ಗೆದ್ದಿತು. ಡಿಫೆಂಡರ್ ಅಂತ ಹಣೆಯಲ್ಲಿ ಬರೆದು ಕಳಿಸಿದ್ದರೆ ಆ ಗೋಲುಗಳು ಯಾರ ಕಾಲಿಂದ ಬರಬೇಕಿತ್ತು?

ನಮ್ಮ ಕಡೆ ಇದು ಇನ್ನೂ ತುರ್ತಾಗೋದು ಗುಳೆಯಿಂದ. ಸುಗ್ಗಿ ಮುಗೀತಿದ್ದಂಗೆ ಈ ತಾಲ್ಲೂಕುಗಳ ಹಳ್ಳಿ, ತಾಂಡಾಗಳಿಂದ ಕುಟುಂಬಗಳು ಮಂಡ್ಯದ ಕಡೆ ಕಬ್ಬು ಕಡಿಯೋಕೆ, ಮಲೆನಾಡಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡ್ತವೆ. ಅಜ್ಜಿ ಮನೆಯಲ್ಲಿ ಉಳಿಯೋ ಮಕ್ಕಳು ಕೆಲವರು, ಜೊತೆಗೇ ಹೋಗೋರು ಕೆಲವರು. "ಮುಂದಿನ ವಾರ ಇವ ಬರಾಂಗಿಲ್ರಿ" ಅಂತ ಒಬ್ಬ ತಂದೆ ಹೇಳಿ ಹೋಗ್ತಾರೆ, ಹದಿನಾಲ್ಕು ಮಕ್ಕಳ ಪಟ್ಟಿಯಲ್ಲಿ ಹತ್ತು ಹೆಸರು ಉಳಿಯುತ್ತವೆ. ಒಬ್ಬೊಬ್ಬರಿಗೆ ಒಂದೊಂದೇ ಜಾಗ ಕಲಿಸಿದ ತಂಡ ಅವತ್ತೇ ಮುರಿದು ಬೀಳುತ್ತೆ. ಎಡಗಡೆ ಆಡೋಕೆ ಗೊತ್ತಿದ್ದವನು ಮದ್ದೂರಿನ ಗದ್ದೆಯಲ್ಲಿರ್ತಾನೆ. ಎಲ್ಲರೂ ಎಲ್ಲ ಕಡೆ ಆಡಿ ಗೊತ್ತಿರೋ ತಂಡಕ್ಕೆ ಹಾಗಾಗಲ್ಲ. ಕಬಡ್ಡಿಯಲ್ಲಿ ಇಬ್ಬರು ಔಟಾದಾಗ ಮಾಡೋ ಹಾಗೆ ಉಳಿದವರು ಸರಿದು ನಿಲ್ತಾರೆ. ಏಳು ಜನ ಇಲ್ಲವಾ, ಐದು ಜನರ ಆಟ. ಕೀಪರ್ ಬಿಟ್ಟು 1-2-1. ಒಬ್ಬ ಹಿಂದೆ, ಇಬ್ಬರು ಅಂಚಿಗೆ, ಒಬ್ಬ ಮುಂದೆ. 2-3-1 ಆಡಿದ ಮಕ್ಕಳಿಗೆ ಇದು ಹೊಸದಲ್ಲ, ಅದೇ ಆಕಾರ ಸಣ್ಣದಾಗಿದೆ ಅಷ್ಟೇ.

ಗುಳೆಯಿಂದ ವಾಪಸ್ ಬರೋ ಮಕ್ಕಳ ಬಗ್ಗೆಯೂ ಮೊದಲೇ ಯೋಚನೆ ಮಾಡಿಟ್ಟಿರಬೇಕು. ನಾಲ್ಕೈದು ತಿಂಗಳು ಚೆಂಡು ಮುಟ್ಟದೆ ಬಂದವನನ್ನು ತಕ್ಷಣ ಹಿಂದಕ್ಕೋ ಬೆಂಚಿಗೋ ಕಳಿಸೋದು ರೂಢಿ, "ಟಚ್ ಹೋಗ್ಯದ" ಅಂತ. ನಾನು ಮೊದಲ ಎರಡು ವಾರ ಅವರನ್ನು 2-3-1ರ ನಡುವಿನ ಮಧ್ಯದ ಜಾಗದಲ್ಲಿ ಆಡಿಸ್ತೀನಿ. ಚೆಂಡು ಅತಿ ಹೆಚ್ಚು ಸಲ ಹಾದುಹೋಗೋದು ಅಲ್ಲಿಂದಲೇ. ತಪ್ಪು ಪಾಸುಗಳು ಆಗ್ತವೆ, ಒಂದೆರಡು ಗೋಲು ಬಿಟ್ಟುಕೊಡಬೇಕಾಗುತ್ತೆ, ಪಕ್ಕದವರು ಗೊಣಗ್ತಾರೆ. ಎಡಬಲದಲ್ಲಿ ಚೆನ್ನಾಗಿ ಆಡೋ ಇಬ್ಬರನ್ನು ಅವನ ಹತ್ತಿರ ನಿಲ್ಲಿಸಿ, "ಇವನಿಗೆ ಕೊಟ್ಟು ವಾಪಸ್ ಇಸ್ಕೊಳ್ರಿ" ಅಂತ ಹೇಳಿದರೆ ಸಾಕು. ಮೂರನೇ ವಾರದಿಂದ ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮುಂದೆ ಉಳಿದ ಕಲಂಗಳನ್ನು ತುಂಬೋಕೆ ಶುರು ಮಾಡಬಹುದು.